ಉಣ್ಣೆಯ ರತ್ನಗಂಬಳಿಗೆ ಬ್ಲೀಚಿಂಗ್ ಪುಡಿ ಖಂಡಿತ ಬೇಡ

ಮಂಡ್ಯದಿಂದ ಕೇಳಿದವರಿಗೆ: ಉಣ್ಣೆಯ ರತ್ನಗಂಬಳಿಯ ಮೇಲೆ ನಾಯಿಮರಿ ಮೂತ್ರ ಮಾಡಿ ಎರಡು ದಿನವಾಯಿತು, ಬ್ಲೀಚಿಂಗ್ ಪುಡಿ ಹಾಕಿ ಬಿಸಿನೀರಿನಲ್ಲಿ ಉಜ್ಜಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಉಣ್ಣೆ ನಮ್ಮ ತಲೆಗೂದಲಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಬ್ಲೀಚು ಅದನ್ನು ಹಳದಿಯಾಗಿಸಿ, ಕೊನೆಗೆ ಕರಗಿಸಿಯೇ ಬಿಡುತ್ತದೆ. ಮೂತ್ರದ ಅಮೋನಿಯಾ ಜೊತೆ ಸೇರಿದರೆ ಉಸಿರಿಗೆ ಅಪಾಯಕಾರಿ ಅನಿಲವೂ ಏಳುತ್ತದೆ. ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಅದನ್ನು ಮತ್ತೆ ಸರಿಪಡಿಸಲಾಗದು.

ಮೊದಲು ಬಣ್ಣ ಪರೀಕ್ಷಿಸಿ. ಯಾರಿಗೂ ಕಾಣದ ಮೂಲೆಯೊಂದನ್ನು ತೇವ ಮಾಡಿ, ಬಿಳಿ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿತೋ, ಅಲ್ಲಿಗೆ ಕೈಬಿಟ್ಟು ಉಣ್ಣೆ ತೊಳೆಯುವ ಅನುಭವಿಗಳಿಗೆ ಒಪ್ಪಿಸಿ.

ಹತ್ತದಿದ್ದರೆ, ಅಡಿಗೆ ದಪ್ಪ ಟವೆಲ್ ಹಾಸಿ. ಒಂದು ಪಾಲು ಬಿಳಿ ವಿನೆಗರ್‌ಗೆ ಮೂರು ಪಾಲು ತಣ್ಣೀರು ಬೆರೆಸಿ ಕಲೆಯ ಮೇಲೆ ಚಿಮುಕಿಸಿ, ಮೇಲಿನಿಂದ ಒಣ ಬಟ್ಟೆ ಒತ್ತಿ ಹೀರಿಸಿ. ತಿಕ್ಕಬೇಡಿ. ಹಳೆಯ ಮೂತ್ರ ಕ್ಷಾರೀಯವಾಗಿರುತ್ತದೆ. ಕ್ಷಾರ ಉಣ್ಣೆಯನ್ನೂ ಬಣ್ಣವನ್ನೂ ಸಡಿಲಿಸುತ್ತದೆ. ವಿನೆಗರ್‌ನ ಆಮ್ಲ ಅದನ್ನು ತಣಿಸುತ್ತದೆ. ವಾಷಿಂಗ್ ಸೋಡಾ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಬಳಿಕ ಬರಿಯ ತಣ್ಣೀರು ಚಿಮುಕಿಸಿ ಮತ್ತೆ ಹೀರಿಸಿ. ವಾಸನೆ ಉಳಿದಿದ್ದರೆ ಇಡೀ ಕ್ರಮವನ್ನು ಇನ್ನೊಮ್ಮೆ ಮಾಡಿ.

ಸಾಬೂನು ಬೇಕೇಬೇಕೆನಿಸಿದರೆ ಉಣ್ಣೆಗೆಂದೇ ಬರುವ ದ್ರವ ಸಾಬೂನು, ಇಲ್ಲವೇ ಸೋಸಿದ ಅಂಟುವಾಳದ ತಿಳಿನೀರು ಸಾಕು. ಮೈಸೂರಿನ ಮನೆಗಳಲ್ಲಿ ರೇಷ್ಮೆ ಸೀರೆಗೆ ಬಳಸುವ ಅದೇ ಅಂಟುವಾಳ. ಆದರೆ ತಿಳಿ ಬಣ್ಣದ ಗಂಬಳಿಗೆ ಅದರ ಕಂದು ಛಾಯೆ ಹತ್ತಬಹುದು, ಎಚ್ಚರ. ಕಿಣ್ವ (ಎಂಜೈಮ್) ಇರುವ ಮಾಮೂಲಿ ಬಟ್ಟೆ ಪುಡಿಯನ್ನು ಹತ್ತಿರವೂ ತರಬೇಡಿ. ರಕ್ತ, ಹಾಲಿನ ಕಲೆಯ ಪ್ರೋಟೀನನ್ನು ಒಡೆಯುವ ಕಿಣ್ವ ಉಣ್ಣೆಯನ್ನೂ ಬಿಡುವುದಿಲ್ಲ. ಸಾಕುಪ್ರಾಣಿಗಳ ಮೂತ್ರಕ್ಕೆಂದು ಮಾರುವ ಕಿಣ್ವದ ದ್ರಾವಣ ಕೊಳ್ಳುವಾಗಲೂ ಉಣ್ಣೆಗೆ ಸುರಕ್ಷಿತ ಎಂದು ಬರೆದಿದೆಯೇ ನೋಡಿ.

ಒಣಗಿಸುವುದರಲ್ಲೇ ಬಹಳಷ್ಟು ಜನ ಎಡವುತ್ತಾರೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಮೇಲೆ ಒಣಗಿದೆಯೆಂದು ನೆಲಕ್ಕೆ ಹಾಸಿದರೆ ಅಡಿಯ ಹತ್ತಿಯ ನೂಲು ಮುಗ್ಗುತ್ತದೆ. ಎರಡು ಕುರ್ಚಿಗಳ ಮೇಲೆ ಹರಡಿ, ನೆರಳಿನಲ್ಲಿ, ಫ್ಯಾನ್ ಗಾಳಿಗೆ ಎರಡೂ ಬದಿ ಒಣಗಲಿ. ಒಳಗೆ ಉಳಿದ ಮೂತ್ರದ ಲವಣ ಆಷಾಢದ ತೇವಕ್ಕೆ ಮತ್ತೆ ನಾರುತ್ತದೆ, ಮರಿಯೂ ಆ ವಾಸನೆ ಹಿಡಿದು ಅಲ್ಲಿಗೇ ಬರುತ್ತದೆ. ಬಣ್ಣವೇ ಮಾಸಿದ್ದರೆ ಮಾತ್ರ ಯಾವ ತೊಳೆತವೂ ಅದನ್ನು ಮರಳಿಸದು.

ಹುಣಸೆ ಬೀಜದ ಗಂಜಿ ಹಚ್ಚಿದ ಕರಿ ಕಂಬಳಿಯಾದರೆ ಪೂರ್ತಿ ನೆನೆಸಬೇಡಿ, ಬಿಗಿ ಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಫಿನಾಯಿಲ್ ಕೂಡದು. ಅದರ ಫೀನಾಲ್ ಬೆಕ್ಕಿಗೆ ವಿಷ. ಹೊರಗೆ ಹೋಗುವುದನ್ನು ಕಲಿತಿದ್ದ ಮರಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದ್ದರೆ ಗದರಿಸಬೇಡಿ, ಮೂತ್ರದ ಸೋಂಕಿರಬಹುದು, ಪಶುವೈದ್ಯರಿಗೆ ತೋರಿಸಿ.