ಅಧ್ಯಕ್ಷರು ಬದಲಾದರೆ ನಮ್ಮ ಗ್ರೀನ್ ಕಾರ್ಡ್ ಬೇಗ ಬರುತ್ತಾ?

ಅಮೆರಿಕಕ್ಕೆ ಹೊಸ ಅಧ್ಯಕ್ಷರು ಬಂದರೆ ಗ್ರೀನ್ ಕಾರ್ಡ್ ಕ್ಯೂ ಕರಗುತ್ತಾ, ಅದನ್ನು ನಂಬಿ ಇಲ್ಲಿ ಮನೆ ತಗೊಳ್ಳಬಹುದಾ ಅಂತ ಕೇಳಿದ್ದೀರಿ.

ಭಾಷಣ ಕೇಳಿ, ಬೇಡ ಅನ್ನಲ್ಲ. ಆದರೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ ಎರಡೂ ಸದನಗಳಲ್ಲಿ ಅವರ ಕಡೆ ಎಷ್ಟು ಜನ ಇದ್ದಾರೆ ಅಂತ ಮೊದಲು ನೋಡಿ. ನಮ್ಮಲ್ಲಿ ಬಹುಮತ ಹೋದರೆ ಸರ್ಕಾರವೇ ಬೀಳುತ್ತದೆ. ಇಲ್ಲಿ ಅಧ್ಯಕ್ಷರು 4 ವರ್ಷ ಇದ್ದೇ ಇರುತ್ತಾರೆ, ಕೊಟ್ಟ ಮಾತು ಮಾತ್ರ ನಿಂತುಹೋಗುತ್ತದೆ.

ಒಬಾಮಾ ಕಾಲವನ್ನೇ ತಗೊಳ್ಳಿ. 2009ರ ಕೊನೆಯಲ್ಲಿ ಮೇಲ್ಮನೆಯಾದ ಸೆನೆಟ್‌ನ 100 ಜನರಲ್ಲಿ 60 ಜನ ಅವರ ಕಡೆ ಇದ್ದರು. ಮಸೂದೆಯನ್ನು ತಡೆ ಇಲ್ಲದೆ ವೋಟಿಗೆ ತರಲು ಸಾಮಾನ್ಯವಾಗಿ ಅಷ್ಟು ಬೇಕು. ಆರೋಗ್ಯ ವಿಮೆ ಕಾನೂನು ಸೆನೆಟ್ ದಾಟಿದ್ದು ಆ ಬಲದಿಂದ. 2010ರಲ್ಲಿ, ಅಧ್ಯಕ್ಷರ ಅವಧಿಯ ನಡುವೆ ನಡೆಯುವ ಮಿಡ್‌ಟರ್ಮ್ ಚುನಾವಣೆಯಲ್ಲಿ, ಅವರ ಪಕ್ಷಕ್ಕೆ ಕೆಳಮನೆಯ 63 ಸೀಟು ಕೈತಪ್ಪಿ, ಅಲ್ಲಿ ಬಹುಮತ ಹೋಯಿತು. 2013ರ ವಲಸೆ ಮಸೂದೆ, ಉದ್ಯೋಗದ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ವರ್ಷಕ್ಕೆ ಹೆಚ್ಚೆಂದರೆ 7% ಅನ್ನುವ ಮಿತಿಯನ್ನೇ ತೆಗೆದುಹಾಕುತ್ತಿತ್ತು. ನಮ್ಮ ಕ್ಯೂ ಇಷ್ಟು ಉದ್ದ ಆಗಿರುವುದು ಆ ಮಿತಿಯಿಂದ ಅಲ್ವಾ? ಸೆನೆಟ್‌ನಲ್ಲಿ 68-32ರಲ್ಲಿ ಪಾಸಾಯಿತು. ಕೆಳಮನೆ ಅದನ್ನು ಕೈಗೇ ತೆಗೆದುಕೊಳ್ಳಲಿಲ್ಲ. ನಮಗೆಲ್ಲ ತುಂಬಾ ನೋವಾಯಿತು.

ಕಾನೂನು ಆಗದಿದ್ದಾಗ ಸರ್ಕಾರ ನಿಯಮದ ದಾರಿ ಹಿಡಿಯುತ್ತದೆ. 2015ರಲ್ಲಿ ಎಚ್-4 ವೀಸಾದವರಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿ ಬಂದವರ ಗಂಡ ಅಥವಾ ಹೆಂಡತಿಯರಲ್ಲಿ, ಕೆಲವರಿಗೆ ಕೆಲಸದ ಅನುಮತಿ ಸಿಕ್ಕಿದ್ದು ಹಾಗೆ. ನನ್ನ ಹೆಂಡತಿ ಎಂಜಿನಿಯರಿಂಗ್ ಓದಿ ಮನೆಯಲ್ಲಿದ್ದಳು. ಆ ಅನುಮತಿಯ ಕಾರ್ಡ್ ಬಂದ ದಿನ ಹಿಂದೆ ಮುಂದೆ ತಿರುಗಿಸಿ ನೋಡಿ, ಊರಲ್ಲಿರುವ ಅಮ್ಮನಿಗೆ ಫೋಟೋ ಕಳಿಸಿದಳು. ಮುಂದಿನ ಸರ್ಕಾರ ಆ ನಿಯಮವನ್ನು ರದ್ದು ಮಾಡುತ್ತೇವೆ ಅಂದಿತು. ಮಾಡಲಿಲ್ಲ, ಆದರೆ ಆ ವರ್ಷಗಳಲ್ಲಿ ಅವಳಿಗೆ ನೆಮ್ಮದಿ ಇರಲಿಲ್ಲ.

ಎರಡೂ ಸದನ ಕೈಯಲ್ಲಿದ್ದರೂ ಕೆಲವೊಮ್ಮೆ ಸಾಲದು. 2017ರಲ್ಲಿ ಟ್ರಂಪ್‌ಗೆ ಹಾಗೇ ಇತ್ತು. ಒಬಾಮಾ ಅವರ ಆರೋಗ್ಯ ವಿಮೆ ಕಾನೂನು ತೆಗೆಯುವ ಪ್ರಯತ್ನ ಸೆನೆಟ್‌ನಲ್ಲಿ 49-51ರಲ್ಲಿ ಬಿತ್ತು. ಸೆನೆಟರ್ ಮೆಕೇನ್ ಸೇರಿ ಟ್ರಂಪ್ ಪಕ್ಷದ ಮೂವರೇ ವಿರುದ್ಧ ವೋಟು ಹಾಕಿದರು.

ಇನ್ನು ಮನೆ ವಿಷಯ. ನಿಮ್ಮ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಅಪ್ರೂವ್ ಆಗಿದ್ದರೆ, ಸರದಿ ಬರುವ ತನಕ ಎಚ್-1ಬಿಯನ್ನು 6 ವರ್ಷ ದಾಟಿಯೂ ವಿಸ್ತರಿಸಬಹುದು. ಅದು 2000ದಲ್ಲಿ ಆದ ಕಾನೂನು. ಆಗ ಕ್ಲಿಂಟನ್‌ಗೆ ಎರಡೂ ಸದನದಲ್ಲಿ ಬಹುಮತ ಇರಲಿಲ್ಲ, ಆದರೂ ಎರಡೂ ಪಕ್ಷ ಸೇರಿ ಪಾಸು ಮಾಡಿದವು. ಅಧ್ಯಕ್ಷರೊಬ್ಬರೇ ಅದನ್ನು ತೆಗೆಯಲು ಆಗುವುದಿಲ್ಲ. ಹಾಗಾಗಿ ಕಂತಿನ ಲೆಕ್ಕಕ್ಕೆ ನಿಮ್ಮ ಸಂಬಳ ಮಾತ್ರ ಹಿಡಿಯಿರಿ. ಮನೆಯವರ ಎಚ್-4 ಸಂಬಳ ಉಳಿತಾಯಕ್ಕೆ ಹೋಗಲಿ.