ಮಗಳು ಕೇಳಿದ ನೀರಿನ ಪ್ರಶ್ನೆ

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಕಾಮಿಕ್ಸ್ ಅಂದ್ರೆ ಪ್ರಾಣ. ಮೊನ್ನೆ ಅವಳ ಚಿಕ್ಕಪ್ಪ ಅಂಬೇಡ್ಕರ್ ಕತೆಯ ‘ಭೀಮಾಯಣ’ ತಂದುಕೊಟ್ಟರು. ಓದಿದವಳು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ‘ಅಮ್ಮಾ, ನಮ್ಮೂರಲ್ಲೂ ಹೀಗೆ ನೀರು ಕೊಡ್ತಿರಲಿಲ್ವಾ?’ ಅಂತ ಕೇಳುತ್ತಾಳೆ. ಅತ್ತೆಯವರು ‘ಸಣ್ಣ ಮಕ್ಕಳಿಗೆ ಇದೆಲ್ಲ ಯಾಕೆ, ಎತ್ತಿಡು’ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಕಾರವಾರ

ಉತ್ತರ: ದಯವಿಟ್ಟು ಎತ್ತಿಡಬೇಡಿ. 1901ರಲ್ಲಿ ಅಪ್ಪನನ್ನು ನೋಡಲು ಹೊರಟು, ಮಹಾರಾಷ್ಟ್ರದ ಮಸೂರಿನಲ್ಲಿ ರೈಲು ಇಳಿದು ಎತ್ತಿನ ಗಾಡಿ ಹತ್ತಿದ ಭೀಮನಿಗೆ, ಅಂದರೆ ಬಾಲಕ ಅಂಬೇಡ್ಕರ್‌ಗೆ, ಜಾತಿಯ ಕಾರಣಕ್ಕೆ ದಾರಿಯುದ್ದಕ್ಕೂ ಕುಡಿಯಲು ನೀರು ಸಿಗಲಿಲ್ಲ. ಆಗ ಅವನಿಗೂ ಹೆಚ್ಚುಕಡಿಮೆ ನಿಮ್ಮ ಮಗಳದೇ ವಯಸ್ಸು.

ನಾನು ಶಿರಸಿ ಸೀಮೆಯಲ್ಲಿ ಮೂವತ್ತು ವರ್ಷ ಶಾಲೆಯ ಅಕ್ಕೋರಾಗಿದ್ದವಳು. ಚಿಕ್ಕವಳಿದ್ದಾಗ ನಮ್ಮನೆ ಅಡಿಕೆ ಕೊನೆಕೊಯ್ಲಿಗೆ ಬರುತ್ತಿದ್ದವರಿಗೆ ಕೊಟ್ಟಿಗೆಯ ಮಾಡಿನಲ್ಲಿ ಬೇರೆಯೇ ತೆಂಗಿನ ಗೆರಟೆ ಸಿಕ್ಕಿಸಿಡುತ್ತಿದ್ದರು. ಅವರು ಅದನ್ನು ಹಿಡಿದು ನಿಲ್ಲಬೇಕು, ನಾನು ಮೇಲಿನಿಂದ ಮಜ್ಜಿಗೆ ಹೊಯ್ಯಬೇಕು. ಒಂದು ದಿನ ಅಮ್ಮನ ಜೊತೆ ಬಂದು ಗೆರಟೆ ಹಿಡಿದವಳು ನನ್ನ ತರಗತಿಯ ಹುಡುಗಿ. ಮರುದಿನ ಶಾಲೆಯಲ್ಲಿ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಯಾಕೆ ಅಂತ ನನಗೆ ಹೊಳೆದದ್ದು ನಾನೇ ಅಕ್ಕೋರಾದ ಮೇಲೆ. ನಿಮ್ಮ ಮಗಳು ಹತ್ತಕ್ಕೇ ಕೇಳಿದ್ದಾಳೆ, ಅಲ್ವಾ?

ಅವಳ ಪಕ್ಕ ಕೂತು ಆ ಪುಸ್ತಕ ಇನ್ನೊಮ್ಮೆ ನೋಡಿ. ಚುಚ್ಚುವ ಮಾತುಗಳನ್ನು ಬರೆದ ಗುಳ್ಳೆಗಳಿಗೆ ಚೇಳಿನ ಕೊಂಡಿ ಇದೆ. ಮೆತ್ತಗಿನ ಮಾತಿನ ಗುಳ್ಳೆಗಳಿಗೆ ಹಕ್ಕಿಯ ಆಕಾರ. ಒಂದು ಮಾತು ಎಲ್ಲಿ ತಾಗುತ್ತದೆ ಅಂತ ನಾನು ಗಂಟೆಗಟ್ಟಲೆ ಪಾಠ ಮಾಡಿದರೂ ಮಕ್ಕಳಿಗೆ ಹೀಗೆ ತೋರಿಸಲು ಆಗುತ್ತಿರಲಿಲ್ಲ. 1927ರ ಮಹಾಡದ ಕೆರೆಯ ಭಾಗ ಬಂದಾಗ ಸ್ವಲ್ಪ ನಿಲ್ಲಿ. ನೀರು ಸಿಗದ ಆ ಹುಡುಗನೇ ದೊಡ್ಡವನಾಗಿ ಸಾವಿರಾರು ಜನರ ಜೊತೆ ಹೋಗಿ ಕೆರೆಯ ನೀರು ಕುಡಿದ ಅಂತ ಅವಳಿಗೆ ಗೊತ್ತಾಗಲಿ. ಆ ರಾತ್ರಿ ಊಟ ಸೇರದವಳಿಗೆ ಅದು ಬೇಕು.

ನಮ್ಮೂರಲ್ಲೂ ಇತ್ತಾ ಅಂದರೆ, ಇತ್ತು ಅನ್ನಿ. ಯಾವ ಬಾವಿ, ಯಾರ ಅಂಗಳ ಅಂತ ಅಜ್ಜಿಯನ್ನೇ ಕೇಳಲಿ. ಅವರು ಕಣ್ಣಾರೆ ನೋಡಿರುತ್ತಾರೆ. ಈಗಿನದ್ದನ್ನೂ ಬಿಡಬೇಡಿ. ಯಲ್ಲಾಪುರದ ಕಡೆಯಿಂದ ಬಂದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗನ ಗುಂಗುರು ಕೂದಲು ಎಳೆದು ನಗುವುದನ್ನು ನನ್ನ ತರಗತಿಯಲ್ಲೇ ನಿಲ್ಲಿಸಬೇಕಾಗಿ ಬಂದಿತ್ತು.

ಆಮೇಲೆ ಅವಳಿಗೊಂದು ದೊಡ್ಡ ಹಾಳೆ ಕೊಡಿ. ಅಜ್ಜಿ ಹೇಳಿದ್ದನ್ನು ಚಿತ್ರ ಮಾಡಲಿ. ಚೌಕ ಮಾತ್ರ ಹಾಕಿಕೊಡಬೇಡಿ. ಭೀಮಾಯಣಕ್ಕೆ ಚಿತ್ರ ಬರೆದ ಗೊಂಡ ಬುಡಕಟ್ಟಿನ ಕಲಾವಿದರು ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಜನರನ್ನು ಚೌಕದೊಳಗೆ ಕೂಡಿಹಾಕಲು ಒಪ್ಪಿರಲಿಲ್ಲ.