ಒಟ್ಟಿಗೆ ಸಾಮಾನು ತಂದರೆ ದುಡ್ಡು ಉಳಿಯುತ್ತದೆಯೇ? ಮಂಗಳೂರಿನಲ್ಲಿ ಮೊದಲು ಮಳೆಯನ್ನು ಕೇಳಬೇಕು

ಮಾರ್ಚ್ ಶುರುವಿನಲ್ಲಿ ದಾವಣಗೆರೆಯಿಂದ ಮಂಗಳೂರಿಗೆ ಬಂದಿದ್ದೇವೆ ಅಂತ ಬರೆದಿದ್ದೀರಿ. ಊರಲ್ಲಿ ನಿಮ್ಮ ಅಮ್ಮ ವರ್ಷಕ್ಕಾಗುವಷ್ಟು ಕಾಳುಕಡಿ ಒಂದೇ ಸಲ ತುಂಬಿಸಿಡುತ್ತಿದ್ದರು, ಇಲ್ಲೂ ಹಾಗೆ ಮಾಡಿದರೆ ನಿಜವಾಗಿ ದುಡ್ಡು ಉಳಿಯುತ್ತದೆಯೇ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಮಂಗಳೂರಿನ ಬಿಜೈಯಲ್ಲಿ 16 ವರ್ಷದಿಂದ ಇದ್ದೇನೆ. ಮನೆಯಲ್ಲಿ ಐದು ಜನ. ನನ್ನ ಲೆಕ್ಕದಲ್ಲಿ ಐದಾರು ಸಾಮಾನಿಗೆ ಖಂಡಿತ ಉಳಿಯುತ್ತದೆ, ಬೇರೆಯದಕ್ಕೆ ಇಲ್ಲ. ಯಾವುದಕ್ಕೆ ಉಳಿಯುತ್ತದೆ ಅನ್ನುವುದನ್ನು ಅಂಗಡಿಯ ರೇಟಿಗಿಂತ ಜಾಸ್ತಿ ಇಲ್ಲಿಯ ಮಳೆ ತೀರ್ಮಾನಿಸುತ್ತದೆ.

ನಿಮ್ಮ ಅಮ್ಮ ಮಾಡಿದ್ದು ಆ ಊರಿಗೆ ಸರಿಯಾಗಿಯೇ ಇತ್ತು. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600–700 ಮಿ.ಮೀ. ಆಸುಪಾಸು. ಇಲ್ಲಿ ಸಾಮಾನ್ಯವಾಗಿ 3,500 ಮಿ.ಮೀ. ದಾಟುತ್ತದೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ನಾಲ್ಕು ತಿಂಗಳು ಗೋಡೆ, ಬಟ್ಟೆ, ಬೀರು ಎಲ್ಲದರಲ್ಲೂ ಪಸೆ. ಅಡುಗೆಮನೆಯ ಡಬ್ಬಿಗಳನ್ನು ಅದು ಬಿಡುತ್ತದೆಯೇ?

ಮದುವೆಯಾದ ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಮೇ ಕೊನೆಯಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ರಿಯಾಯಿತಿ ಇತ್ತು. 5 ಕೆಜಿ ರವೆ, 5 ಕೆಜಿ ಗೋಧಿಹಿಟ್ಟು, 3 ಕೆಜಿ ಕಡಲೆಬೇಳೆ, ಒಂದು ಕೆಜಿ ಮೆಣಸಿನ ಪುಡಿ ತಂದೆ. ರವೆಯಲ್ಲಿ ಕೆಜಿಗೆ 6 ರೂಪಾಯಿಯಂತೆ 30 ರೂಪಾಯಿ ಉಳಿದಿತ್ತು. ಜುಲೈಯಲ್ಲಿ ಡಬ್ಬಿ ತೆರೆದರೆ ರವೆ ಬಲೆ ಕಟ್ಟಿದ ಹಾಗೆ ಗಂಟುಗಂಟಾಗಿತ್ತು, ಒಳಗೆ ಹುಳ. ಮೆಣಸಿನ ಪುಡಿಗೆ ಮುಗ್ಗಲು ವಾಸನೆ. ಎರಡು ಕೆಜಿ ರವೆ ಎಸೆದೆ. 30 ರೂಪಾಯಿ ಉಳಿಸಲು ಹೋಗಿ ಅದರ ಎರಡು ಮೂರು ಪಟ್ಟು ಹೋಯಿತು. ಅನ್ನದ ವಸ್ತುವನ್ನು ಕಸಕ್ಕೆ ಹಾಕುವಾಗ ಆದ ಸಂಕಟ ಬೇರೆಯೇ.

ಆಗ ಅತ್ತೆ ಹೇಳಿದ ಮಾತು ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಅವರದು ಕುಂದಾಪುರದ ಕಡೆ. ಅವರ ಚಿಕ್ಕಂದಿನಲ್ಲೂ ಮಳೆಗಾಲಕ್ಕೆ ಸಾಮಾನು ತುಂಬಿಸುತ್ತಿದ್ದರಂತೆ. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಬಿಗಿದು ಮುಡಿ ಕಟ್ಟುತ್ತಿದ್ದರು. ಹುಣಸೆಹುಳಿಗೆ ಉಪ್ಪು ಬೆರೆಸಿ ಭರಣಿಗೆ ತುಂಬುತ್ತಿದ್ದರು. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಎಲ್ಲ ಮೇ ಒಳಗೇ ಮುಗಿಯಬೇಕು. ಮೀನು ತಿನ್ನುವ ಮನೆಗಳಲ್ಲಿ ಒಣಮೀನು. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಒಣಮೀನಿಗೆ ಬೇಡಿಕೆ ಇದ್ದೇ ಇದೆ. ಆದರೆ ಇದೆಲ್ಲ ಮಾಡುತ್ತಿದ್ದದ್ದು ಅಗ್ಗಕ್ಕೆ ಸಿಗುತ್ತದೆ ಅಂತ ಅಲ್ಲ. ಹೊಳೆ ತುಂಬಿದರೆ ಪೇಟೆಗೆ ಹೋಗಲು ಆಗುತ್ತಿರಲಿಲ್ಲ, ಅದಕ್ಕೆ. ಮತ್ತೆ ಆ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಇತ್ತು. ದಿನವಿಡೀ ಸೌದೆಯ ಬಿಸಿ, ಹೊಗೆ. ಮುಡಿ ಬೆಚ್ಚಗೆ ಒಣಗಿಯೇ ಇರುತ್ತಿತ್ತು. ನಮ್ಮ ಫ್ಲ್ಯಾಟಿನಲ್ಲಿ ಒಲೆ ಗ್ಯಾಸಿನದು, ಸಾಮಾನು ಇಡುವುದು ಸಿಂಕಿನ ಪಕ್ಕದ ಕಪಾಟಿನಲ್ಲಿ. ಅಟ್ಟವಿಲ್ಲದ ಮನೆಗೆ ಅಟ್ಟದ ಲೆಕ್ಕ ಹಾಕಿದರೆ ಆಗುವುದಿಲ್ಲ, ಅಲ್ವಾ?

ಅದಾದ ಮೇಲೆ ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ತೆರೆದ ತಾರೀಖು ಬರೆಯಲು ಶುರು ಮಾಡಿದೆ. ಇದರಿಂದ ನನಗೆ ಅಂದಾಜೇ ಇಲ್ಲದ ಒಂದು ವಿಷಯ ಗೊತ್ತಾಯಿತು. ಬಟ್ಟೆ ಸೋಪಿನ ಪುಡಿ ಒಂದು ಕೆಜಿ ತಂದರೆ ನಮಗೆ ಮೂರು ವಾರ ಬರುತ್ತಿತ್ತು. ಹಾಗಾದರೆ 5 ಕೆಜಿ ಚೀಲ 15 ವಾರ ಬರಬೇಕು. ಬಂದದ್ದು 11 ವಾರ. ಪುಡಿ ಎಲ್ಲಿಗೂ ಸೋರಿ ಹೋಗಿರಲಿಲ್ಲ. ಚೀಲ ತುಂಬಿರುವಾಗ ಕೈ ಧಾರಾಳವಾಗುತ್ತದೆ, ಅಷ್ಟೇ. ಎಣ್ಣೆ, ಬಿಸ್ಕೆಟು, ಗೋಡಂಬಿ ಎಲ್ಲದರಲ್ಲೂ ಹೀಗೇ ಆಯಿತು. ಈಗ ದೊಡ್ಡ ಚೀಲ ತಂದರೂ ದಿನಕ್ಕೆ ಬೇಕಾದ್ದನ್ನು ಸಣ್ಣ ಡಬ್ಬಿಗೆ ಹಾಕಿಕೊಂಡು, ಚೀಲವನ್ನು ಕಣ್ಣಿಗೆ ಬೀಳದ ಕಡೆ ಇಡುತ್ತೇನೆ. ಇಷ್ಟರಿಂದಲೇ ತುಂಬಾ ವ್ಯತ್ಯಾಸ ಆಗಿದೆ.

ಇನ್ನು ಅಕ್ಕಿ. ಒಟ್ಟಿಗೆ ತರಲು ನಾನು ಧೈರ್ಯವಾಗಿ ಹೇಳುವ ಮೊದಲ ಸಾಮಾನು ಇದೇ. ಅದೂ ಕುಚ್ಚಲಕ್ಕಿ. ಬತ್ತವನ್ನೇ ಬೇಯಿಸಿ ಒಣಗಿಸಿ ಮಿಲ್ಲಿಗೆ ಹಾಕುವುದರಿಂದ ಕಾಳು ಗಟ್ಟಿ, ಹುಳ ಅಷ್ಟು ಬೇಗ ಹಿಡಿಯುವುದಿಲ್ಲ. ನೀರುದೋಸೆಗೆ ಬೇಕಾಗುವ ಬೆಳ್ತಿಗೆ ಅಕ್ಕಿಗೆ, ಅಂದರೆ ಬತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗೆ, ಈ ಬಲ ಇಲ್ಲ, ಅದನ್ನು ಮಳೆಗಾಲದಲ್ಲಿ ಐದೈದು ಕೆಜಿ ಮಾತ್ರ ತನ್ನಿ. ಅಂಗಡಿಯಲ್ಲಿ 26 ಕೆಜಿ ಮೂಟೆ ನೋಡಿ ಇದೇನು ಲೆಕ್ಕ ಅಂತ ನಿಮಗೆ ಅನ್ನಿಸಿರಬಹುದು. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ 5% ಜಿಎಸ್‌ಟಿ ಬಂತು. 25 ಕೆಜಿ ದಾಟಿದ ಒಂದೇ ಮೂಟೆಗೆ ಆ ತೆರಿಗೆ ಇಲ್ಲ. ಅದಕ್ಕೇ 26. ಬಿಡಿಯಾಗಿ ತೂಕ ಮಾಡಿ ಕೊಟ್ಟರೂ ಈ ತೆರಿಗೆ ಇಲ್ಲ, ಹಾಗಾಗಿ ಬಿಡಿ ಅಕ್ಕಿಯ ರೇಟನ್ನೂ ಒಮ್ಮೆ ಕೇಳಿ ನೋಡಿ.

ರಿಕ್ಷಾದ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ಬಂದರಿನ ಹೋಲ್‌ಸೇಲ್ ಅಂಗಡಿಗಳಲ್ಲಿ ಕೆಜಿಗೆ 4 ರೂಪಾಯಿ ಕಡಿಮೆ ಸಿಕ್ಕಿತು ಅಂದುಕೊಳ್ಳಿ. 26 ಕೆಜಿಗೆ 104 ರೂಪಾಯಿ. ಹೋಗಿ ಬರುವ ಬಾಡಿಗೆ ಅದಕ್ಕಿಂತ ಜಾಸ್ತಿ ಆದರೆ ಏನೂ ಉಳಿಯಲಿಲ್ಲ. ನಾವು ನಮ್ಮ ಕಟ್ಟಡದ ನಾಲ್ಕು ಮನೆಯವರು ಸೇರಿ ಎರಡು ತಿಂಗಳಿಗೊಮ್ಮೆ ಹೋಗುತ್ತೇವೆ. ಬೆಲ್ಲ, ಉದ್ದಿನಬೇಳೆ, ಕೊತ್ತಂಬರಿ ದೊಡ್ಡ ತೂಕದಲ್ಲಿ ತಂದು ಮನೆಯಲ್ಲಿ ಹಂಚಿಕೊಳ್ಳುತ್ತೇವೆ. ರೇಟು ಹೋಲ್‌ಸೇಲಿನದು, ಮನೆಗೆ ಬರುವುದು ಒಂದೂವರೆ ಎರಡು ಕೆಜಿ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ ಅತ್ಯಂತ ಒಳ್ಳೆಯ ದಾರಿ ಇದು. ನೆರೆಮನೆಯವರನ್ನು ಸಂಕೋಚ ಬಿಟ್ಟು ಕೇಳಿ. ಇಲ್ಲಿಯ ಜನ ಖುಷಿಯಿಂದ ಸೇರಿಕೊಳ್ಳುತ್ತಾರೆ.

ದೊಡ್ಡ ಪ್ಯಾಕೆಟ್ ಅಂದ ಮಾತ್ರಕ್ಕೆ ಅಗ್ಗ ಅಂತ ತಿಳಿಯಬೇಡಿ. ಶಾಂಪೂವನ್ನೇ ನೋಡಿ, ಎಷ್ಟೋ ಸಲ ಎರಡು ರೂಪಾಯಿಯ ಸ್ಯಾಶೆಯಲ್ಲಿ ಮಿಲಿಗೆ ಬೀಳುವ ಬೆಲೆ ಬಾಟಲಿಗಿಂತ ಕಡಿಮೆ ಇರುತ್ತದೆ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಹತ್ತಿರವೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಬೆಲೆ ಇರುತ್ತದೆ. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂಗೆ ಎಷ್ಟು, ಜಾಸ್ತಿ ಇದ್ದರೆ ಕೆಜಿಗೆ ಎಷ್ಟು ಅಂತ. ಗ್ರಾಂ ಬೆಲೆಯನ್ನು ಸಾವಿರದಿಂದ ಗುಣಿಸಿ ಹೋಲಿಸಿದರೆ ನಿಜ ಗೊತ್ತಾಗುತ್ತದೆ.

ನನ್ನ ಪ್ರಕಾರ ದೊಡ್ಡ ಉಳಿತಾಯ ಸಿಗುವುದು ಬೆಳೆ ಬರುವ ಕಾಲಕ್ಕೆ ತಂದಾಗ. ಕಲಬುರಗಿ ಕಡೆಯ ಹೊಸ ತೊಗರಿ ಡಿಸೆಂಬರ್–ಜನವರಿಯಿಂದ ಬರಲು ಶುರುವಾಗುತ್ತದೆ. ಬ್ಯಾಡಗಿ ಮೆಣಸು, ಅಂದರೆ ಒಣಮೆಣಸಿನಕಾಯಿ, ಜನವರಿಯಿಂದ ಏಪ್ರಿಲ್‌ವರೆಗೆ. ಹುಣಸೆ ಬೇಸಿಗೆಯಲ್ಲಿ. ಆಗ ಮಾಲೂ ಹೊಸದು, ರೇಟೂ ಸಾಮಾನ್ಯವಾಗಿ ಇಳಿದಿರುತ್ತದೆ, ಒಣಗಿಸಲು ಇಲ್ಲಿ ಬಿಸಿಲೂ ಇರುತ್ತದೆ. ಮೆಣಸನ್ನು ಇಡಿಯಾಗಿ ಇಡಿ, ಪುಡಿಯನ್ನು ತಿಂಗಳಿಗೆ ಬೇಕಾದಷ್ಟೇ ಮಾಡಿ. ತೆಂಗಿನೆಣ್ಣೆಗೆ ಈ ಲೆಕ್ಕ ಸರಿಯಾಗಿ ಕೂರುವುದಿಲ್ಲ. 2025ರಲ್ಲಿ ಅದರ ಬೆಲೆ ಏರಿದ್ದು ನೋಡಿ ಅನೇಕರು ಹೆದರಿ ಡಬ್ಬಗಟ್ಟಲೆ ತಂದರು. ಇಟ್ಟಷ್ಟು ದಿನ ಕಮಟು ವಾಸನೆಯ ಭಯ ಇದ್ದೇ ಇರುತ್ತದೆ, ಎರಡು ತಿಂಗಳಿಗಿಂತ ಜಾಸ್ತಿ ನಾನು ಇಡುವುದಿಲ್ಲ.

ಇಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಬೇಳೆಯನ್ನು ಎರಡು ಬಿಸಿಲು ಒಣಗಿಸಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ, ಬೂಷ್ಟು ಬರುವುದು ಅಲ್ಲಿಂದಲೇ. ತೊಗರಿಬೇಳೆಗೆ ಸ್ವಲ್ಪ ಹರಳೆಣ್ಣೆ ಸವರಿ ಇಟ್ಟರೆ ಹುಳ ಬರುವುದು ಕಡಿಮೆ, ಬೇಯಿಸುವ ಮೊದಲು ಬಿಸಿನೀರಲ್ಲಿ ತೊಳೆದರೆ ಸಾಕು. ಡಬ್ಬಿಗೆ ಒದ್ದೆ ಕೈ, ಒದ್ದೆ ಚಮಚ ಹಾಕಲೇಬೇಡಿ. ಉಪ್ಪು ಮತ್ತು ಬೆಲ್ಲ ಮಳೆಗಾಲದಲ್ಲಿ ನೀರು ಬಿಡುತ್ತವೆ, ಅವಕ್ಕೆ ಗಾಜಿನ ಬಾಟಲಿ ಅಥವಾ ಭರಣಿ ಒಳ್ಳೆಯದು.

ಈಗ ಮಾರ್ಚ್. ಹೊಸ ತೊಗರಿ ಬಂದಾಗಿದೆ, ಮೆಣಸು ಬರುತ್ತಿದೆ, ಇನ್ನೆರಡು ತಿಂಗಳು ಒಳ್ಳೆಯ ಬಿಸಿಲಿದೆ. ನಾಲ್ಕು ತಿಂಗಳಿಗಾಗುವಷ್ಟು ಬೇಳೆ, ಇಡೀ ಮೆಣಸು ಮತ್ತು ಹುಣಸೆ ಮೇ ಒಳಗೆ ತಂದು ಒಣಗಿಸಿಡಿ. ಕುಚ್ಚಲಕ್ಕಿ ನಿಮ್ಮ ಮನೆಯವರಿಗೆ ಒಗ್ಗುತ್ತದೆಯೇ ಅಂತ ಮೊದಲು ಎರಡು ಕೆಜಿ ತಂದು ನೋಡಿ, ಆಮೇಲೆ ಮೂಟೆ. ಜೂನ್ ಬಂದ ಮೇಲೆ ರವೆ, ಹಿಟ್ಟು ಅರ್ಧ ಅರ್ಧ ಕೆಜಿ ಮಾತ್ರ, ಎಷ್ಟೇ ರಿಯಾಯಿತಿ ಇದ್ದರೂ.